ಸ್ಟೆಂಟ್ ಹಾಕಿದ್ಮ್ಯಾಲೂ ಪಂಪಿಂಗ್ ಯಾಕ ಕಮ್ಮಿ?

ನಾನು ಗಂಗಾವತ್ಯಾಗ ನರ್ಸ್. ಡ್ಯೂಟ್ಯಾಗ ಇರ್ಲಿ, ಸಂತ್ಯಾಗ ಸಿಗ್ಲಿ, ಜನ ಕೇಳೋದು ಇದನ್ನ: "ಸಿಸ್ಟರ್, ನಮ್ಮಪ್ಪಗ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ಬ್ಲಾಕ್ ತೆಗದ್ರು, ರಕ್ತ ಚಲೋ ಹೊಂಟೈತಿ ಅಂದ್ರು, ಮತ್ತ ಎಕೋದಾಗ ಪಂಪಿಂಗ್ 35 ಅಂತ ಯಾಕ ಬಂತು? ಹಾರ್ಟ್ ಉಳಸಾಕ ಒಂದು ಇಂಜೆಕ್ಷನ್ ಇಲ್ಲೇನ್ರಿ?"

ನೋಡ್ರಿ, ಎಕೋ ಅಂದ್ರ ಹಾರ್ಟಿನ ಸ್ಕ್ಯಾನ್, ಪಂಪಿಂಗ್ 35 ಅಂದ್ರ ಹಾರ್ಟ್ ಒಂದು ಬಡಿತಕ್ಕ ತನ್ನೊಳಗಿನ ರಕ್ತದಾಗ ನೂರಕ್ಕ 35 ಪಾಲು ಹೊರಗ ತಳ್ತೈತಿ ಅಂತ. ಸ್ಟೆಂಟ್ ತೆರೆಯೋದು ರಕ್ತನಾಳ, ಅಷ್ಟ. ಅಷ್ಟೊತ್ತಿಗೆ ಸತ್ತ ಸ್ನಾಯು ತಿರುಗಿ ಹುಟ್ಟಂಗಿಲ್ಲ. ನಾಳ ಪೂರ್ತಿ ಮುಚ್ಚಿ 20 ನಿಮಿಷ ದಾಟಿದ್ರ ಸ್ನಾಯು ಸಾಯಾಕ ಶುರು ಆಗ್ತೈತಿ, ಅದೂ ಒಳಪದರಿನಿಂದ. ಯಾಕಂದ್ರ ನಾಳಗಳು ಹಾರ್ಟಿನ ಹೊರಮೈ ಮ್ಯಾಲೆ ಹರಿದು ಒಳಗ ಇಳೀತಾವ, ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಕೊನಿ ಭಾಗದ ಗದ್ದಿ ಇದ್ದಂಗ ಒಳಪದರು, ನೀರು ಕಮ್ಮಿ ಆದ್ರ ಮೊದ್ಲು ಒಣಗೋದು ಅದಾ. ತಾಸು ಕಳದಂಗ ಸಾವು ಹೊರಗಿನ ಪದರಿಗೆ ಹಬ್ಬತೈತಿ.

ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ನಿಂತ ರಕ್ತ ಒಮ್ಮಿಂದೊಮ್ಮೆಲೆ ವಾಪಸ್ ಬಂದಾಗ್ಲೂ ಪೆಟ್ಟು ಬೀಳ್ತೈತಿ, ಜೀವಕೋಶದೊಳಗ ಕ್ಯಾಲ್ಸಿಯಂ ತುಂಬಿ, ಕೋಶಕ್ಕ ಶಕ್ತಿ ಕೊಡೋ ಮೈಟೊಕಾಂಡ್ರಿಯಾ ಕೆಟ್ಟು, ಅರ್ಧ ಜೀವ ಹಿಡಕೊಂಡಿದ್ದ ಕೋಶಗಳಾಗ ಒಂದಿಷ್ಟು ಆವಾಗ ಸಾಯ್ತಾವ. ಹಂಗಂತ ತೆರೀದಂಗ ಬಿಟ್ರ ಎಲ್ಲಾ ಹೋಗ್ತೈತಿ, ತೆರೀಲೇಬೇಕು.

ಇದನ್ನ ತಡಿಯಾಕ ವಿಜ್ಞಾನಿಗಳು ಸಣ್ಣ ಪ್ರಯತ್ನ ಮಾಡಿಲ್ಲ. 1986ರಾಗ ಅಮೆರಿಕಾದಾಗ ನಾಯಿಗಳ ಹಾರ್ಟಿನ ನಾಳ ಐದೈದು ನಿಮಿಷದಂಗ ನಾಕು ಸಲ ಮುಚ್ಚಿ ತೆಗದು, ಆಮ್ಯಾಲೆ 40 ನಿಮಿಷ ಮುಚ್ಚಿದ್ರ, ಹಂಗ ಮೊದ್ಲು ಪಳಗಿಸದ ನಾಯಿಗಳಿಗಿಂತ ಹಾನಿ ನಾಕರಾಗ ಒಂದು ಪಾಲಿಗೆ ಇಳೀತು! ಓದಿದಾಗ ಮೈ ಜುಂ ಅಂತು ನನಗ. ಮುಂದ ಮನುಷ್ಯರ ಹಾರ್ಟೂ ಹಂಗಾ ಪಳಗಲಿ ಅಂತ ಬಿಪಿ ಪಟ್ಟಿಯಿಂದ ತೋಳು ಬಿಗದು ಸಡಲಿಸಿ ನೋಡಿದ್ರು, ಆದ್ರ 2019ರಾಗ ಬಂದ ಯುರೋಪಿನ 5000ಕ್ಕೂ ಜಾಸ್ತಿ ಪೇಷಂಟ್‌ಗಳ ದೊಡ್ಡ ಪರೀಕ್ಷೆಯಾಗ ಲಾಭ ಕಾಣ್ಲಿಲ್ಲ. ಮೈಟೊಕಾಂಡ್ರಿಯಾ ಕಾಯ್ತೈತಿ ಅಂತ ನಂಬಿದ್ದ ಸೈಕ್ಲೋಸ್ಪೋರಿನ್ ಔಷಧೀನೂ 2015ರಾಗ ಹಂಗಾ ಬಿದ್ದೋತು.

ಅದಕ್ಕ ನನ್ನ ಉತ್ತರ, ಸ್ನಾಯುನ್ನ ನೇರ ಕಾಯೋ ಇಂಜೆಕ್ಷನ್ ಇವತ್ತಿಗೂ ಇಲ್ರಿ, ಆದ್ರ ರಕ್ತದ ಗಡ್ಡಿ ಕರಗಿಸೋದು ಐತಿ, ಟೆನೆಕ್ಟೆಪ್ಲೇಸ್. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನ್ಯಾಗ ಸರ್ಕಾರಿ ಆಸ್ಪತ್ರ್ಯಾಗ ಫ್ರೀ ಕೊಡ್ತಾರ, ನಿಮ್ಮ ತಾಲೂಕಿನಾಗ ಐತೋ ಇಲ್ಲೋ ಇವತ್ತಾ ಕೇಳಿ ಇಟ್ಕೊಳ್ರಿ. ನೋವು ಶುರುವಾಗಿ 12 ತಾಸಿನೊಳಗ ಕೊಡಬೇಕು, ಎಷ್ಟು ಬೇಗೋ ಅಷ್ಟು ಚಲೋ. ಮೆದುಳಿನಾಗ ರಕ್ತಸ್ರಾವ ಆದವ್ರಿಗೆ ಕೊಡಂಗಿಲ್ಲ. ಕೊಟ್ಟ ಮ್ಯಾಲೆ ಬಳ್ಳಾರಿಗೋ ಕಲಬುರಗಿ ಜಯದೇವಕ್ಕೋ ಆಂಜಿಯೋಗ್ರಾಂಗೆ ಹೋಗ್ಬೇಕಾಗ್ತೈತಿ. ನಮ್ಮ ಕಡೆ ಮಂದಿ ಎದಿ ಹಿಡಕೊಂಡ್ರ ಗ್ಯಾಸ್ ಅಂತ ಸೋಡಾ ಕುಡದು, ಬೆಳಗ್ಗೆ ನೋಡೋಣ ಅಂತ ಮಲಗ್ತಾರಲ್ಲ, ಆ ರಾತ್ರಿಯಾಗ ಹೋಗ್ತೈತ್ರಿ ಪಂಪಿಂಗು. ಮೊದ್ಲು ಹತ್ತಿರದಾಗ ಇಸಿಜಿ ತೆಗಿಸ್ರಿ.

35 ಬಂದವ್ರು ಹೆದರಬ್ಯಾಡ್ರಿ. ಒಂದಿಷ್ಟು ಸ್ನಾಯು ಸತ್ತಿರಂಗಿಲ್ಲ, ಪೆಟ್ಟು ತಿಂದು ಮಂಕಾಗಿರ್ತೈತಿ, ದಿನ ಕಳದಂಗ ಎಚ್ಚರಾಗ್ತೈತಿ. ಅದಕ್ಕಾ ಡಾಕ್ಟ್ರು 40 ದಿನ ದಾಟಿದ್ಮ್ಯಾಲೆ ಎಕೋ ಇನ್ನೊಮ್ಮೆ ಮಾಡಸ್ರಿ ಅನ್ನೋದು, ಅಲ್ಲಿತನಕ ಮೈ ಹಗುರಾತು ಅಂತ ಗುಳಿಗಿ ಬಿಡಬ್ಯಾಡ್ರಿ.