ಎರಡು ಪುಟಗಳ ನಡುವೆ ಕಾಣೆಯಾದ ಹೋಂಸ್ಟೇ

ಮಡಿಕೇರಿಯ ಮನೆಯಿಂದಲೇ ಕೆಲಸ ಮಾಡುವ ನಾನು, ದಕ್ಷಿಣ ಭಾರತದ ಹೋಂಸ್ಟೇಗಳನ್ನು ಹುಡುಕಿಕೊಡುವ ಸೇವೆಯೊಂದರ ಶೋಧ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಕ್ಕಬ್ಬೆ ಕಡೆಯ ಹೋಂಸ್ಟೇ ಒಡತಿಯೊಬ್ಬರು ಫೋನ್ ಮಾಡಿ, "ಪಕ್ಕದವರ ಮನೆ ಮೊದಲನೇ ಪುಟದಲ್ಲೂ ಇದೆ, ಎರಡನೇ ಪುಟದಲ್ಲೂ ಇದೆ. ನಮ್ಮದು ಮಾತ್ರ ಎಲ್ಲೂ ಇಲ್ಲವಲ್ಲ ಸರ್" ಎಂದರು. ಹೆಸರು ಕೊಟ್ಟು ಹುಡುಕಿದರೆ ಅವರ ಮನೆ ಸಿಗುತ್ತಿತ್ತು; ರೇಟಿಂಗ್ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ಮಾತ್ರ ಸಿಗುತ್ತಿರಲಿಲ್ಲ.

ನಾವು ಬಳಸುವ ಎಲಾಸ್ಟಿಕ್‌ಸರ್ಚ್ ಎಂಬ ಶೋಧ ತಂತ್ರಾಂಶದಲ್ಲಿ ದತ್ತಾಂಶವು ಶಾರ್ಡ್ ಎಂಬ ತುಂಡುಗಳಲ್ಲಿ ಹಂಚಿಹೋಗಿರುತ್ತದೆ. ಮೊದಲೇ ಸಿದ್ಧವಾದ ಒಂದು ಪಟ್ಟಿ ಎಲ್ಲಿಯೂ ಇರುವುದಿಲ್ಲ. ಪ್ರಶ್ನೆ ಬಂದಾಗ ಪ್ರತಿ ಶಾರ್ಡ್ ತನ್ನಲ್ಲಿರುವ ಉತ್ತಮ ದಾಖಲೆಗಳ ಗುರುತು ಮತ್ತು ಅಂಕಗಳನ್ನಷ್ಟೇ ಕಳಿಸುತ್ತದೆ, ಸಮನ್ವಯ ಮಾಡುವ ನೋಡ್ (ಸರ್ವರ್) ಅವುಗಳನ್ನು ಕೂಡಿಸಿ ಅನುಕ್ರಮ ಕಟ್ಟಿ, ಒಂದು ಪುಟಕ್ಕೆ ಬೇಕಾದ ಹತ್ತು ದಾಖಲೆಗಳ ಪೂರ್ಣ ವಿವರವನ್ನು ಆಮೇಲೆ ತರಿಸಿಕೊಳ್ಳುತ್ತದೆ. ಉದಾಹರಣೆಗೆ, ಜಿಲ್ಲೆಯ 91ರಿಂದ 100ನೆಯ ಸ್ಥಾನದ ಕಾಫಿ ಮಾದರಿಗಳನ್ನು ಆರಿಸಬೇಕಾದರೆ ಐದು ತಾಲ್ಲೂಕುಗಳೂ ತಲಾ ನೂರು ಮಾದರಿಗಳನ್ನು ಕಳಿಸಲೇಬೇಕು, ಏಕೆಂದರೆ ಮೊದಲ ನೂರೂ ಒಂದೇ ತಾಲ್ಲೂಕಿನಲ್ಲಿ ಇರಬಹುದು. ಹಾಗೆಯೇ, ಐದು ಶಾರ್ಡ್‌ಗಳಿದ್ದಾಗ ಸಾವಿರನೆಯ ಪುಟಕ್ಕಾಗಿ 50,000 ಗುರುತುಗಳು ಬಂದು, ಹತ್ತು ಉಳಿದು, ಮಿಕ್ಕವು ವ್ಯರ್ಥವಾಗುತ್ತವೆ. ಈ ಸಾಮಾನ್ಯ ವಿಧಾನಕ್ಕೆ 10,000 ಫಲಿತಾಂಶಗಳ ಪೂರ್ವನಿಯೋಜಿತ ಮಿತಿ ಇರುವುದು ಇದೇ ಕಾರಣಕ್ಕೆ.

ನಮ್ಮ ತೊಂದರೆ ಮಿತಿಯದಾಗಿರಲಿಲ್ಲ, ಸಮಬಲದ್ದಾಗಿತ್ತು. ಹತ್ತಾರು ಮನೆಗಳಿಗೆ ಒಂದೇ ರೇಟಿಂಗ್ ಇತ್ತು. ಅಂಥವುಗಳ ನಡುವಿನ ಕ್ರಮವನ್ನು ಶಾರ್ಡ್‌ನ ಸರದಿ ಮತ್ತು ದಾಖಲೆಯ ಒಳಸಂಖ್ಯೆ ನಿರ್ಧರಿಸುತ್ತಿದ್ದವು. ಆದರೆ ಮೂಲ ಶಾರ್ಡ್ ಮತ್ತು ಅದರ ರೆಪ್ಲಿಕಾಗಳಲ್ಲಿ (ನಕಲು ಪ್ರತಿಗಳಲ್ಲಿ) ಈ ಒಳಸಂಖ್ಯೆಗಳು ಒಂದೇ ಆಗಿರಬೇಕೆಂದಿಲ್ಲ. ಮೊದಲ ಪುಟಕ್ಕೆ ಮೂಲ ಶಾರ್ಡ್ ಉತ್ತರಿಸಿ, ಎರಡನೆಯದಕ್ಕೆ ರೆಪ್ಲಿಕಾ ಉತ್ತರಿಸಿದಾಗ ಒಬ್ಬರ ಮನೆ ಎರಡು ಬಾರಿ ಬಂದು, ಇನ್ನೊಬ್ಬರದು ನಡುವೆ ಜಾರಿಹೋಗುತ್ತಿತ್ತು. ಯಾವ ದೋಷಸಂದೇಶವೂ ಇಲ್ಲದೆ ಒಂದು ಕುಟುಂಬದ ಅತಿಥಿಗಳು ಕೈತಪ್ಪುತ್ತಿದ್ದರು ಎಂಬುದು ನನ್ನನ್ನು ಬಹಳ ನೋಯಿಸಿತು.

ಸಮಬಲ ಉಳಿಯದಂತೆ, ರೇಟಿಂಗ್‌ನ ಬಳಿಕ ಜೋಡಣೆಯ ಎರಡನೆಯ ಮಾನದಂಡವಾಗಿ ಪ್ರತಿ ಮನೆಯ ನೋಂದಣಿ ಸಂಖ್ಯೆಯನ್ನು ಸೇರಿಸಿದೆವು. ಪುಟದ ಸಂಖ್ಯೆಯನ್ನು ಕೈಬಿಟ್ಟು, ಹಿಂದಿನ ಪುಟದ ಕೊನೆಯ ದಾಖಲೆಯ ಮೌಲ್ಯಗಳಿಂದ ಮುಂದುವರಿಯುವ "ಸರ್ಚ್ ಆಫ್ಟರ್" ವಿಧಾನಕ್ಕೆ ಬಂದೆವು. ಆಗ ಪ್ರತಿ ಶಾರ್ಡ್ ಮುಂದಿನ ಹತ್ತನ್ನು ಮಾತ್ರ ಕಳಿಸಿದರೆ ಸಾಕು. ಓದುವ ನಡುವೆ ರೇಟಿಂಗ್ ಬದಲಾದರೂ ಪಟ್ಟಿ ಕದಲದಂತೆ, 2020ರ 7.10 ಆವೃತ್ತಿಯಲ್ಲಿ ಬಂದ "ಪಾಯಿಂಟ್ ಇನ್ ಟೈಮ್" ಸೌಲಭ್ಯವನ್ನೂ ಬಳಸಿದೆವು. ನೇರವಾಗಿ ಐವತ್ತನೆಯ ಪುಟಕ್ಕೆ ಹಾರುವ ಅನುಕೂಲ ಹೋಯಿತು; ಅದನ್ನು ಬಿಟ್ಟುಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಬದಲಾವಣೆ ಜಾರಿಯಾದ ಸಂಜೆ ನಾನೇ ಕಕ್ಕಬ್ಬೆಗೆ ಫೋನ್ ಮಾಡಿದೆ. ಅವರು ಪಟ್ಟಿಯನ್ನು ಸರಿಸುತ್ತ ಹೋಗಿ, ತಮ್ಮ ಮನೆಯ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದರು.