ಡೆಮಾಕ್ರಟರು ವೆಸ್ಟ್ ವರ್ಜೀನಿಯಾ ಕಳೆದುಕೊಂಡದ್ದು ಹೇಗೆ

2000ನೇ ಇಸವಿಯ ಅಮೆರಿಕ ಚುನಾವಣೆ ಅಂದ ತಕ್ಷಣ ಎಲ್ಲರೂ ಫ್ಲೋರಿಡಾ ಅಂತಾರೆ. 537 ವೋಟಿನ ಅಂತರ, ಸರಿಯಾಗಿ ತೂತು ಬೀಳದ ಮತಪತ್ರಗಳು, ಸುಪ್ರೀಂ ಕೋರ್ಟು. ಎಲ್ಲ ನಿಜ. ಆದರೆ ರಿಪಬ್ಲಿಕನ್ ಜಾರ್ಜ್ ಬುಷ್‌ಗೆ ಆ ಸಲ ಸಿಕ್ಕಿದ್ದು 271 ಎಲೆಕ್ಟೋರಲ್ ವೋಟು (ರಾಜ್ಯ ಗೆದ್ದವರಿಗೆ ಆ ರಾಜ್ಯದ ಲೆಕ್ಕದಲ್ಲಿ ಸೇರುವ ವೋಟು), ಗೆಲ್ಲಲು ಬೇಕಿದ್ದದ್ದು 270. ವೆಸ್ಟ್ ವರ್ಜೀನಿಯಾ ಅನ್ನೋ ಗುಡ್ಡಗಾಡಿನ ಪುಟ್ಟ ರಾಜ್ಯದ ಐದು ವೋಟು ಡೆಮಾಕ್ರಟ್ ಅಲ್ ಗೋರ್ ಕಡೆ ಹೋಗಿದ್ದರೆ, ಫ್ಲೋರಿಡಾದಲ್ಲಿ ಏನೇ ಆಗಲಿ, ಗೋರ್ ಅಧ್ಯಕ್ಷರಾಗುತ್ತಿದ್ದರು. ಅದೂ ಎಂಥ ರಾಜ್ಯ? ನಾಲ್ಕೇ ವರ್ಷದ ಹಿಂದೆ ಅದೇ ಪಕ್ಷದ ಬಿಲ್ ಕ್ಲಿಂಟನ್ ಅಲ್ಲಿ ಹೆಚ್ಚುಕಮ್ಮಿ ಶೇಕಡಾ 15ರ ಅಂತರದಲ್ಲಿ ಗೆದ್ದಿದ್ದರು.

ನಾನಿರುವುದು ಪಕ್ಕದ ವರ್ಜೀನಿಯಾದಲ್ಲಿ, ಲೌಡನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ನನಗಿಲ್ಲಿ ವೋಟಿಲ್ಲ, ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತಿರುವ ಲಕ್ಷಾಂತರ ಮಂದಿಯಲ್ಲಿ ನಾನೂ ಒಬ್ಬ. ವೋಟಿಲ್ಲದವನಿಗೆ ಚುನಾವಣೆಯ ಚಟ ಜಾಸ್ತಿ ಅಂತ ನನ್ನ ಹೆಂಡತಿ ಹೇಳ್ತಾಳೆ, ಇರಬಹುದು. ಮನೆಯಿಂದ ಪಶ್ಚಿಮಕ್ಕೆ ಹೊರಟರೆ ಒಂದು ಗಂಟೆಯೊಳಗೆ ವೆಸ್ಟ್ ವರ್ಜೀನಿಯಾ ಗಡಿ. ಇಲ್ಲಿನ ಎಷ್ಟೋ ಭಾರತೀಯ ಕುಟುಂಬಗಳಿಗೆ ಆ ರಾಜ್ಯ ಗೊತ್ತಿರುವುದು ಮೌಂಡ್ಸ್‌ವಿಲ್ ಹತ್ತಿರದ ಹರೇಕೃಷ್ಣದವರ ಚಿನ್ನದ ಅರಮನೆಯಿಂದ. ದರ್ಶನ ಮಾಡಿ, ಪ್ರಸಾದ ತಿಂದು ವಾಪಸ್. ದಾರಿಯುದ್ದಕ್ಕೂ ಟ್ರಂಪ್ ಬಾವುಟ ನೋಡಿ "ಇವರೆಲ್ಲ ಮೊದಲಿಂದಲೂ ಹೀಗೇ" ಅಂತ ಕಾರಿನಲ್ಲಿ ಯಾರಾದರೂ ಒಬ್ಬರು ಹೇಳುವುದೂ ಮಾಮೂಲಿ.

ಮೊದಲಿಂದಲೂ ಹೀಗಿರಲಿಲ್ಲ. 1932ರಿಂದ 1996ರವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಈ ರಾಜ್ಯ ರಿಪಬ್ಲಿಕನ್ನರ ಕಡೆ ಹೋದದ್ದು ಮೂರೇ ಸಲ: 1956, 1972, 1984. ಮೂರೂ ಸಲ ದೇಶವೆಲ್ಲ ಒಂದೇ ಕಡೆ ವಾಲಿತ್ತು. 1980ರಲ್ಲಿ ರೇಗನ್ ಅಲೆಯಲ್ಲಿ ಜಿಮ್ಮಿ ಕಾರ್ಟರ್‌ಗೆ ಉಳಿದದ್ದು ಆರು ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ, ಆ ಆರರಲ್ಲಿ ಇದೂ ಒಂದು. 1988ರಲ್ಲಿ ಮೈಕೆಲ್ ಡುಕಾಕಿಸ್ ದೇಶದಲ್ಲೆಲ್ಲ ಸೋತರೂ ಇಲ್ಲಿ ಗೆದ್ದರು. ಬಾಸ್ಟನ್ ಕಡೆಯ ಉದಾರವಾದಿ ಗವರ್ನರ್‌ಗೆ ಗುಡ್ಡದ ಗಣಿ ಕಾರ್ಮಿಕರು ವೋಟು ಹಾಕಿದರು. ಇವತ್ತು ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಯಾಕೆ ಹಾಕಿದರು? ಯೂನಿಯನ್. ಗಣಿ ಕಾರ್ಮಿಕರ ಯುನೈಟೆಡ್ ಮೈನ್ ವರ್ಕರ್ಸ್ ಅನ್ನುವುದು ಕೂಲಿ ಜಗಳಕ್ಕೆ ಮಾತ್ರ ಇದ್ದ ಸಂಘ ಅಲ್ಲ. 1921ರಲ್ಲಿ ಬ್ಲೇರ್ ಮೌಂಟನ್‌ನಲ್ಲಿ ಸಾವಿರಾರು ಕಾರ್ಮಿಕರು ಬಂದೂಕು ಹಿಡಿದು ಕಂಪನಿಯ ಆಳುಗಳ ಜೊತೆ ಹೊಡೆದಾಡಿದ್ದರು. ಆಮೇಲೆ ರೂಸ್‌ವೆಲ್ಟ್ ಕಾಲದಲ್ಲಿ ಕಾನೂನಿನ ಬೆಂಬಲ ಸಿಕ್ಕಿತು, ಯೂನಿಯನ್ ಬೆಳೆಯಿತು. 1946ರ ಒಪ್ಪಂದದಿಂದ, ಅಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಇಷ್ಟು ಅಂತ ಕಂಪನಿ ಕೊಡಬೇಕಾದ ದುಡ್ಡಿನಲ್ಲಿ ಕಾರ್ಮಿಕರ ಚಿಕಿತ್ಸೆ, ಪಿಂಚಣಿ, ವಿಧವೆಯರಿಗೆ ಸಹಾಯ ಎಲ್ಲ ನಡೆಯಿತು. 1950ರ ದಶಕದಲ್ಲಿ ಆ ನಿಧಿಯಿಂದ ಬೆಟ್ಟದ ಊರುಗಳಲ್ಲಿ ಆಸ್ಪತ್ರೆಗಳೇ ಎದ್ದವು. ಮಗು ಹುಟ್ಟುವುದು ಯೂನಿಯನ್ ದುಡ್ಡಲ್ಲಿ, ಅಪ್ಪ ಸತ್ತರೆ ಅಮ್ಮನಿಗೆ ಚೆಕ್ಕು ಬರುವುದೂ ಯೂನಿಯನ್ನಿಂದ. ಆ ಯೂನಿಯನ್ ಹೇಳುತ್ತಿದ್ದುದು ಡೆಮಾಕ್ರಟ್ ಅಂತ. ಪಕ್ಷ ಅಲ್ಲಿ ಟಿವಿ ಮೂಲಕ ಬರಲಿಲ್ಲ, ಪಕ್ಕದ ಮನೆಯವನ ಮೂಲಕ ಬಂತು.

1960ರಲ್ಲಿ ಕೆನಡಿ ಇಲ್ಲಿನ ಪ್ರೈಮರಿಗೆ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಗೆ, ಬಂದಾಗ ಎಲ್ಲರ ಅನುಮಾನ ಒಂದೇ. ಅವರು ಕ್ಯಾಥೊಲಿಕ್, ಇಲ್ಲಿಯ ಜನ ಹೆಚ್ಚುಕಮ್ಮಿ ಎಲ್ಲ ಪ್ರಾಟೆಸ್ಟೆಂಟ್. ಆದರೂ ಎದುರಾಳಿ ಹ್ಯೂಬರ್ಟ್ ಹಂಫ್ರಿಯನ್ನು ಸುಲಭವಾಗಿ ಸೋಲಿಸಿದರು (ಅಪ್ಪನ ದುಡ್ಡೂ ಧಾರಾಳವಾಗಿ ಹರಿಯಿತು ಅನ್ನುವ ಮಾತು ಇವತ್ತಿಗೂ ಇದೆ). ಇಲ್ಲಿಯ ಬಡತನ ಅವರ ತಲೆಯಲ್ಲಿ ಉಳಿಯಿತು. ಅಧಿಕಾರಕ್ಕೆ ಬಂದ ಮೇಲೆ ಹೊರಡಿಸಿದ ಮೊದಲ ಆದೇಶವೇ ಬಡವರಿಗೆ ಹೆಚ್ಚು ಆಹಾರ ಹಂಚುವುದರ ಬಗ್ಗೆ. 1961ರಲ್ಲಿ ಫುಡ್ ಸ್ಟ್ಯಾಂಪ್ (ಬಡವರು ಆಹಾರ ಕೊಳ್ಳಲು ಸರ್ಕಾರ ಕೊಡುವ ಚೀಟಿ) ಪ್ರಯೋಗ ಶುರುವಾದದ್ದು ಈ ರಾಜ್ಯದ ಮೆಕ್‌ಡವೆಲ್ ಕೌಂಟಿಯಲ್ಲಿ.

ಆ ಮೆಕ್‌ಡವೆಲ್ ಕೌಂಟಿಯ ಜನಸಂಖ್ಯೆ 1950ರಲ್ಲಿ ಸುಮಾರು 99 ಸಾವಿರ. 2020ರಲ್ಲಿ 19 ಸಾವಿರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪರಿಸರ ಕಾನೂನು ತಂದು ಡೆಮಾಕ್ರಟರು ಗಣಿ ಮುಚ್ಚಿಸಿದರು, ಅದಕ್ಕೆ ಜನ ಬಿಟ್ಟುಹೋದರು ಅನ್ನುವ ಕಥೆ ನೇರವಾಗಿದೆ, ಅದಕ್ಕೇ ಓಡುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. 1950ರ ಹೊತ್ತಿಗೆ ರಾಜ್ಯದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಗಣಿ ಕಾರ್ಮಿಕರಿದ್ದರು, 2000ದ ಹೊತ್ತಿಗೆ 20 ಸಾವಿರವೂ ಇರಲಿಲ್ಲ. ಒಬಾಮ ಹೆಸರು ಯಾರೂ ಕೇಳುವ ಮೊದಲೇ ಕೆಲಸ ಹೋಗಿಯಾಗಿತ್ತು. ಯಂತ್ರ ಬಂತು, ಬೆಟ್ಟದ ತಲೆಯನ್ನೇ ಸ್ಫೋಟಿಸಿ ಕಲ್ಲಿದ್ದಲು ತೆಗೆಯುವ ಪದ್ಧತಿ ಬಂತು, ಆಮೇಲೆ ಅಗ್ಗದ ನೈಸರ್ಗಿಕ ಅನಿಲ ಬಂತು. ಯಂತ್ರಕ್ಕೆ ಯೂನಿಯನ್ ನಾಯಕ ಜಾನ್ ಲೂಯಿಸ್ ಅವರೇ 1950ರಲ್ಲಿ ಒಪ್ಪಿಗೆ ಕೊಟ್ಟಿದ್ದರು, ಉಳಿದವರಿಗಾದರೂ ಒಳ್ಳೆ ಕೂಲಿ ಸಿಗಲಿ ಅಂತ.

ಹಾಗಾದರೆ ಕೆಲಸ ಹೋದ ಐವತ್ತು ವರ್ಷವೂ ವೋಟು ಯಾಕೆ ಉಳಿಯಿತು? ನನಗನ್ನಿಸುವುದು, ಯೂನಿಯನ್ ಪಿಂಚಣಿ ಪಡೆಯುವ ತಲೆಮಾರು ಬದುಕಿದ್ದಷ್ಟು ದಿನ ಉಳಿಯಿತು. ಅವರ ಮಕ್ಕಳು ಗಣಿಗೆ ಹೋಗಲಿಲ್ಲ, ಹೋದವರಲ್ಲೂ ಎಷ್ಟೋ ಮಂದಿ ಯೂನಿಯನ್ ಇಲ್ಲದ ಗಣಿಗೆ ಹೋದರು. "ಈ ಸಲ ಯಾರಿಗೆ?" ಅಂತ ಕೇಳಿದರೆ ಹೇಳುವವರು ಬದಲಾದರು. ಯೂನಿಯನ್ ಹಾಲ್ ಜಾಗಕ್ಕೆ ಚರ್ಚು ಬಂತು, ಬಂದೂಕು ಸಂಘ ಬಂತು, ರೇಡಿಯೋ ಬಂತು. 2000ದಲ್ಲಿ ಬುಷ್ ತಂಡ ಇದನ್ನು ಸರಿಯಾಗಿ ಹಿಡಿಯಿತು. ಗೋರ್ ನಿಮ್ಮ ಬಂದೂಕಿಗೆ ಕೈ ಹಾಕ್ತಾರೆ, ನಿಮ್ಮ ಕಲ್ಲಿದ್ದಲಿಗೂ ಕೈ ಹಾಕ್ತಾರೆ ಅಂದರು. ಹವಾಮಾನ ಬದಲಾವಣೆ ತಡೆಯುವ ಕ್ಯೋಟೋ ಒಪ್ಪಂದದ ಮುಖವೇ ಗೋರ್ ಆಗಿದ್ದರು. ಅಂಥ ಒಪ್ಪಂದದ ವಿರುದ್ಧ, ಅದು ಆಗುವ ಮೊದಲೇ, 1997ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 95-0 ಅಂತರದಲ್ಲಿ ನಿರ್ಣಯ ಪಾಸು ಮಾಡಿತ್ತು, ಅದನ್ನು ತಂದವರಲ್ಲಿ ಒಬ್ಬರು ಇದೇ ವೆಸ್ಟ್ ವರ್ಜೀನಿಯಾದ ಹಿರಿಯ ಡೆಮಾಕ್ರಟ್ ರಾಬರ್ಟ್ ಬರ್ಡ್. ಅಂದರೆ ಮನೆಯವರೇ ಬೇಡ ಅಂದಿದ್ದರು, ಪಕ್ಷ ಕೇಳಿಸಿಕೊಳ್ಳಲಿಲ್ಲ.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಇದಾದ ಮೇಲಿನದು. ಜನ ಪಕ್ಷವನ್ನು ಒಂದೇ ದಿನ ಬಿಡಲಿಲ್ಲ, ಮೇಲಿನಿಂದ ಕೆಳಕ್ಕೆ ಬಿಡುತ್ತಾ ಬಂದರು. ಅಮೆರಿಕದಲ್ಲಿ ಒಂದೇ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ಕೌಂಟಿ ಅಧಿಕಾರಿಯವರೆಗೆ ಹೆಸರುಗಳಿರುತ್ತವೆ. ಮೊದಲು ಮೇಲಿನ ಹೆಸರು ಹೋಯಿತು, 2000ದಲ್ಲಿ. 2012ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷ ಒಬಾಮ ವಿರುದ್ಧ ಟೆಕ್ಸಾಸ್ ಜೈಲಿನಲ್ಲಿದ್ದ ಕೈದಿಯೊಬ್ಬ ನಿಂತಿದ್ದ, ಅವನಿಗೆ ಶೇಕಡಾ 41 ವೋಟು ಬಿತ್ತು. ಜೈಲಿನಲ್ಲಿರುವವನಿಗೆ! ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಒಬಾಮ ಇಲ್ಲಿ 26ಕ್ಕಿಂತ ಜಾಸ್ತಿ ಶೇಕಡಾ ಅಂಕಗಳಿಂದ ಸೋತು, 55 ಕೌಂಟಿಗಳಲ್ಲಿ ಒಂದನ್ನೂ ಗೆಲ್ಲದೇ ಹೋದಾಗ, ಅದೇ ಪತ್ರದಲ್ಲಿ ಅದೇ ಪಕ್ಷದ ಜೋ ಮ್ಯಾಂಚಿನ್ 24 ಅಂಕಗಳಿಂದ ಸೆನೆಟ್ ಗೆದ್ದರು. 2008ರಲ್ಲಿ ಒಬಾಮ ಪರ ನಿಂತಿದ್ದ ಗಣಿ ಯೂನಿಯನ್ 2012ರಲ್ಲಿ ಯಾರ ಪರವೂ ನಿಲ್ಲಲಿಲ್ಲ.

ಮ್ಯಾಂಚಿನ್ ಗೆದ್ದದ್ದು ಸುಮ್ನೆ ಅಲ್ಲ. 2010ರ ಜಾಹೀರಾತಿನಲ್ಲಿ ತಮ್ಮದೇ ಪಕ್ಷದ ಹವಾಮಾನ ಮಸೂದೆಯ ಪ್ರತಿಯನ್ನು ಗುರಿಯಾಗಿಟ್ಟು ರೈಫಲ್‌ನಿಂದ ಗುಂಡು ಹೊಡೆದಿದ್ದರು. ಮೇಲಿನವರು ಬೇರೆ, ನಾನು ಬೇರೆ ಅಂತ ತೋರಿಸಬೇಕಿತ್ತು, ತೋರಿಸಿದರು. ಆದರೆ ಅದಕ್ಕೂ ಮಿತಿ ಇದೆ. 2018ರಲ್ಲಿ ಗೆದ್ದದ್ದು ಮೂರೇ ಅಂಕಗಳಿಂದ.

2014ರಲ್ಲಿ ಇನ್ನೊಂದು ಸೆನೆಟ್ ಸೀಟು ಹೋಯಿತು. 38 ವರ್ಷ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಇದ್ದ ಡೆಮಾಕ್ರಟ್ ನಿಕ್ ರಾಹಲ್ ಸೋತರು. ರಾಜ್ಯದ ಕೆಳಮನೆ ಎಂಟು ದಶಕದ ಮೇಲೆ ಕೈಬಿಟ್ಟಿತು. ಮೇಲ್ಮನೆ 17-17 ಸಮ ಆಯ್ತು, ಮಾರನೇ ದಿನವೇ ಒಬ್ಬ ಡೆಮಾಕ್ರಟ್ ಆ ಕಡೆ ಹಾರಿ ಅದನ್ನೂ ಮುಗಿಸಿದ. ಆಪರೇಷನ್ ಕಮಲ ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡಿ. 2016ರಲ್ಲಿ ಡೆಮಾಕ್ರಟ್ ಆಗಿ ಗವರ್ನರ್ ಗೆದ್ದ ಜಿಮ್ ಜಸ್ಟಿಸ್ 2017ರ ಆಗಸ್ಟ್‌ನಲ್ಲಿ ಹಂಟಿಂಗ್ಟನ್‌ನ ಟ್ರಂಪ್ ಸಭೆಯ ವೇದಿಕೆಯಲ್ಲೇ ಪಕ್ಷ ಬದಲಿಸಿದರು. ಮತದಾರರು ತಮ್ಮದು ಯಾವ ಪಕ್ಷ ಅಂತ ಬರೆಸುವ ನೋಂದಣಿಯಲ್ಲಿ ಮಾತ್ರ ಡೆಮಾಕ್ರಟರೇ ಮುಂದಿದ್ದರು, 2021ರವರೆಗೆ! ವೋಟು ಹಾಕುವುದು ಟ್ರಂಪ್‌ಗೆ, ಪುಸ್ತಕದಲ್ಲಿರುವುದು ಅಪ್ಪನ ಪಕ್ಷ. ಕೊನೆಗೆ 2024ರಲ್ಲಿ ಮ್ಯಾಂಚಿನ್ ಪಕ್ಷ ಬಿಟ್ಟರು, ಸ್ಪರ್ಧೆಗೂ ಇಳಿಯಲಿಲ್ಲ, ಆ ಸೀಟು ಇದೇ ಜಸ್ಟಿಸ್‌ಗೆ ಹೋಯಿತು. ಶುರುವಾದಲ್ಲಿಂದ ಮುಗಿಯಲು 24 ವರ್ಷ.

ನಡುವೆ ಹಿಲರಿ ಕ್ಲಿಂಟನ್ ಮಾತು. 2016ರ ಮಾರ್ಚ್‌ನಲ್ಲಿ ಒಹಾಯೋದಲ್ಲಿ, ಬಹಳಷ್ಟು ಗಣಿ ಕಾರ್ಮಿಕರಿಗೂ ಕಂಪನಿಗಳಿಗೂ ಇನ್ನು ಕೆಲಸ ಇರದ ಹಾಗೆ ಮಾಡ್ತೇವೆ ಅಂದುಬಿಟ್ಟರು. ಹಿಂದೆಮುಂದೆ ಓದಿದರೆ ಅವರು ಹೇಳಹೊರಟಿದ್ದು ಈ ಜನರನ್ನು ಮರೆಯಬಾರದು ಅಂತ. ಆದರೆ ಹಿಂದೆಮುಂದೆ ಯಾರು ಓದ್ತಾರೆ? ಮೇ ತಿಂಗಳಲ್ಲಿ ವಿಲಿಯಮ್ಸನ್ ಊರಿಗೆ ಬಂದು, ಕೆಲಸ ಕಳೆದುಕೊಂಡ ಒಬ್ಬರ ಎದುರು ಕೂತು ಕ್ಷಮೆ ಕೇಳಿದರು. ನವೆಂಬರ್‌ನಲ್ಲಿ ಅವರಿಗೆ ಬಂದದ್ದು ಶೇಕಡಾ 26. ಆ ಒಂದು ಮಾತಿನಿಂದ ಸೋತರು ಅಂತ ನಾನು ಒಪ್ಪುವುದಿಲ್ಲ. ಹೊರಟವರಿಗೆ ಅದೊಂದು ನೆಪ, ಅಷ್ಟೇ.

ನಮ್ಮ ಕಡೆಯ ಪಾರ್ಟಿಗಳಲ್ಲಿ ಈ ವಿಷಯ ಬಂದಾಗ ಕೇಳಿಬರುವ ತೀರ್ಪು ಒಂದೇ: ತಮ್ಮ ಹೊಟ್ಟೆ ಮೇಲೆ ತಾವೇ ಹೊಡ್ಕೊಳ್ಳೋ ಜನ. ಒಬಾಮ ಕೇರ್ ಅನ್ನುವ ಆರೋಗ್ಯ ವಿಮೆ ಕಾನೂನಿನಲ್ಲಿ ಬರ್ಡ್ ಅವರು ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಹಾಳಾದವರಿಗೂ ಅವರ ವಿಧವೆಯರಿಗೂ ಪರಿಹಾರ ಸುಲಭವಾಗುವ ಹಾಗೆ ಒಂದು ಕಲಂ ಸೇರಿಸಿದ್ದರು. 2014ರ ಜನವರಿಯಿಂದ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತಾರವಾಗಿ ದೊಡ್ಡ ಸಂಖ್ಯೆಯ ಬಡವರಿಗೆ ವಿಮೆ ಸಿಕ್ಕಿತು, ಅದೇ ವರ್ಷ ನವೆಂಬರ್‌ನಲ್ಲಿ ಪಕ್ಷ ನೆಲಕಚ್ಚಿತು. ಹಾಗಾಗಿ ಈ ತೀರ್ಪು ಸುಲಭ. ನನಗೆ ಮಾತ್ರ ಹಿಡಿಸುವುದಿಲ್ಲ. ಈಗಿನ ಸಹಾಯ ಬರುವುದು ಅರ್ಜಿಯ ಮೂಲಕ, ಒಂದು ಕಾರ್ಡಿನ ಮೂಲಕ. ಹಿಂದೆ ಪಕ್ಷದ ಕಡೆಯಿಂದ ಒಬ್ಬ ಮನುಷ್ಯ ಬಾಗಿಲಿಗೆ ಬರುತ್ತಿದ್ದ. ಅಂದಹಾಗೆ ಆ ಗುಡ್ಡದ ಊರುಗಳಲ್ಲಿ ವೀಸಾ ನಿಯಮದ ದಾರಿಯಲ್ಲಿ ಬಂದು ಕೆಲಸ ಮಾಡುವ ಭಾರತೀಯ ಡಾಕ್ಟರುಗಳು ಬೇಕಾದಷ್ಟಿದ್ದಾರೆ. ಪಾರ್ಟಿಗಳಲ್ಲಿ ತೀರ್ಪು ಕೊಡುವವರಿಗಿಂತ ಅವರಿಗೆ ಈ ಜನ ಚೆನ್ನಾಗಿ ಗೊತ್ತು.

ಇನ್ನು ನಮ್ಮ ವರ್ಜೀನಿಯಾ. 1863ರವರೆಗೆ ಎರಡೂ ಒಂದೇ ರಾಜ್ಯ. ಅಧ್ಯಕ್ಷರ ಚುನಾವಣೆಯಲ್ಲಿ ಇದು 1968ರಿಂದ 2004ರವರೆಗೆ ಪ್ರತಿ ಸಲ ರಿಪಬ್ಲಿಕನ್, 2008ರಿಂದ ಪ್ರತಿ ಸಲ ಡೆಮಾಕ್ರಟ್. ಇಲ್ಲಿ ಮನಸ್ಸು ಬದಲಾದದ್ದಕ್ಕಿಂತ ಮನುಷ್ಯರೇ ಬದಲಾದದ್ದು ಜಾಸ್ತಿ. ಲೌಡನ್ ಕೌಂಟಿಯಲ್ಲಿ 1990ರಲ್ಲಿ 86 ಸಾವಿರ ಜನ, 2020ರಲ್ಲಿ 4 ಲಕ್ಷ 20 ಸಾವಿರ. ಸಾಫ್ಟ್‌ವೇರ್‌ನವರು, ಸರ್ಕಾರಿ ಗುತ್ತಿಗೆ ಕೆಲಸದವರು, ನಮ್ಮಂಥವರು. ಬೆಂಗಳೂರು ಮೂಲದ ಕುಟುಂಬದ ಸುಹಾಸ್ ಸುಬ್ರಮಣ್ಯಂ 2024ರಲ್ಲಿ ಇಲ್ಲಿಂದಲೇ ಕಾಂಗ್ರೆಸ್ಸಿಗೆ ಆಯ್ಕೆಯಾದರು.

ಆದರೆ ಹೀಗೆ ಸಿಕ್ಕ ವೋಟಿಗೆ ಬಿಗಿ ಕಮ್ಮಿ. 2020ರಲ್ಲಿ ಬೈಡನ್ ಲೌಡನ್‌ನಲ್ಲಿ ಸುಮಾರು 25 ಅಂಕಗಳಿಂದ ಗೆದ್ದರು. ಮರುವರ್ಷ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟ್ ಟೆರಿ ಮೆಕಾಲಿಫ್ ಅವರು ಶಾಲೆ ಏನು ಕಲಿಸಬೇಕು ಅಂತ ಪೋಷಕರು ಹೇಳಬಾರದು ಅನ್ನುವ ಅರ್ಥದಲ್ಲಿ ಚರ್ಚೆಯೊಂದರಲ್ಲಿ ಮಾತಾಡಿದರು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದ ಸಿಟ್ಟು ಮೊದಲೇ ಇತ್ತು. ಈ ಕೌಂಟಿಯಲ್ಲಿ ಅಂತರ ಹತ್ತಿರ ಹತ್ತಿರ 11ಕ್ಕೆ ಇಳಿಯಿತು, ರಾಜ್ಯ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಪಾಲಾಯಿತು. 2025ರಲ್ಲಿ ಕೇಂದ್ರ ಸರ್ಕಾರದ ನೌಕರಿಗಳಿಗೆ ಕತ್ತರಿ ಬಿದ್ದು, ಮೇಲೆ ಶಟ್‌ಡೌನ್ (ಹಣ ಮಂಜೂರಾಗದೆ ಸರ್ಕಾರಿ ಕೆಲಸ ನಿಲ್ಲುವುದು) ಕೂಡ ಬಂದಾಗ, ಅಬಿಗೇಲ್ ಸ್ಪ್ಯಾನ್‌ಬರ್ಗರ್ ಸುಮಾರು 15 ಅಂಕಗಳಿಂದ ಗೆದ್ದು ರಾಜ್ಯವನ್ನು ಡೆಮಾಕ್ರಟರಿಗೆ ವಾಪಸ್ ಕೊಟ್ಟರು. ವೆಸ್ಟ್ ವರ್ಜೀನಿಯಾದಲ್ಲಿ ಕೆಲಸ ಹೋಗಿ ಐವತ್ತು ವರ್ಷವಾದರೂ ವೋಟು ನಿಂತಿತ್ತು, ಇಲ್ಲಿ ಶಾಲೆಯ ಒಂದು ಜಗಳಕ್ಕೆ ಅರ್ಧಕ್ಕರ್ಧ ಅಂತರ ಕರಗಿತು. ಎರಡೂ ವೋಟೇ, ಆದರೆ ಒಂದೇ ಥರದ್ದಲ್ಲ.

ಈಗ ನಾನು ನೋಡುತ್ತಿರುವುದು ದಕ್ಷಿಣ ಟೆಕ್ಸಾಸ್ ಕಡೆ. ಮೆಕ್ಸಿಕೊ ಗಡಿಯ ಸ್ಟಾರ್ ಕೌಂಟಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹಿಸ್ಪಾನಿಕ್, ನೂರು ವರ್ಷಕ್ಕೂ ಹೆಚ್ಚು ಕಾಲ ಡೆಮಾಕ್ರಟ್, 2016ರಲ್ಲಿ ಹಿಲರಿಗೆ ಶೇಕಡಾ 79 ಕೊಟ್ಟ ಜಾಗ. 2024ರಲ್ಲಿ ಟ್ರಂಪ್ ಗೆದ್ದರು. ಆದರೆ ಆ ಕೌಂಟಿ ಸೇರಿದ 28ನೇ ಕ್ಷೇತ್ರದಲ್ಲಿ, ಅದೇ ದಿನ, ಅದೇ ಪತ್ರದಲ್ಲಿ, ಲಂಚದ ಕೇಸು ಮೈಮೇಲಿದ್ದ ಡೆಮಾಕ್ರಟ್ ಹೆನ್ರಿ ಕ್ವೆಯಾರ್ ಕಾಂಗ್ರೆಸ್ ಸೀಟು ಉಳಿಸಿಕೊಂಡರು. ಮೇಲಿನ ಹೆಸರು ಹೋಗಿದೆ, ಕೆಳಗಿನದು ಉಳಿದಿದೆ. ಅಲ್ಲಿಯೂ ವೆಸ್ಟ್ ವರ್ಜೀನಿಯಾದ ಹಾಗೆ 24 ವರ್ಷ ಹಿಡಿಯುತ್ತೋ, ಎರಡು ಚುನಾವಣೆಯಲ್ಲಿ ಮುಗಿಯುತ್ತೋ, ಅಥವಾ ವರ್ಜೀನಿಯಾ ಥರ ವಾಪಸ್ ಬರುತ್ತೋ, ಅದಕ್ಕೆ ಆ ಕೌಂಟಿಯ ಕೆಳಗಿನ ಸಾಲುಗಳ ಫಲಿತಾಂಶವನ್ನೇ ಕಾಯಬೇಕು.