ಸ್ಕ್ರೂ ಇಲ್ಲದೆ ಕೂರಬೇಕು

ಕಲಘಟಗಿ ಕಡೆ ಗೋವಿನಜೋಳಕ್ಕೆ ಹಂದಿ ಕಾಟ ಜಾಸ್ತಿ. ಬೆಳೆ ಕಾಯಲು ಪರವಾನಗಿ ಪಡೆದ ಹಳೆ ಬಂದೂಕು ಕೆಲವರ ಮನೆಯಲ್ಲಿ ಇನ್ನೂ ಇವೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಕಡ್ಡಿಯಿಂದ ಬಡಿದು, ಕೇಪು (ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿ) ಇಟ್ಟು ಹಾರಿಸುವಂಥವು. ಅಂಥದೊಂದರ ಕಟ್ಟಿಗೆ, ಅಂದರೆ ನಳಿಗೆ ಕೂರುವ ಮರದ ಹಿಡಿ, ಸೀಳಿತ್ತು. ಹೊಸ ಸಾಗವಾನಿ ಕಟ್ಟಿಗೆಗೆ ಹಳೆ ಹಿತ್ತಾಳೆಯ ಟ್ರಿಗರ್ ಗಾರ್ಡ್ (ಕುದುರೆಯ ಸುತ್ತ ಕಾವಲಿರುವ ಬಾಗಿದ ಪಟ್ಟಿ) ಕೂರಿಸಿಕೊಡಿ ಎಂದು ಹುಬ್ಬಳ್ಳಿಯ ಬಂದೂಕು ಅಂಗಡಿಯವರು ನನ್ನನ್ನು ಕರೆದರು. ನಾನು ಬಡಗಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿಗೂ ಪರವಾನಗಿ ಬೇಕು. ಅದಕ್ಕೇ ಉಳಿಗಳನ್ನು ಹೊತ್ತುಕೊಂಡು ಹೋಗಿ ಅವರ ಅಂಗಡಿಯಲ್ಲೇ ಕೂತೆ.

ಮೊದಲು ಹಳೆ ಕಟ್ಟಿಗೆ ನೋಡಿದೆ. ಗಾರ್ಡಿನ ಕೆಳಗೆ ನಡುವೆ ಪೊಳ್ಳು. ಸುತ್ತಲೂ ಅಂಟು, ಮರದ ಹೊಟ್ಟು ತುಂಬಿದ್ದರು. ಎರಡೂ ತುದಿಯ ಸ್ಕ್ರೂ ಎಳೆದು ಹಿಡಿದಿದ್ದರಿಂದ ಅದು ಕೂತಂತೆ ಕಾಣುತ್ತಿತ್ತು, ಅಷ್ಟೇ. ಬಗ್ಗಿಸಿ ಹಿಡಿದ ಹಿತ್ತಾಳೆ ಮತ್ತೆ ಮೇಲೇಳಲು ನೋಡುತ್ತಲೇ ಇರುತ್ತದೆ. ಹಿಡಿಯುವ ಕುತ್ತಿಗೆ ಭಾಗ ಮೊದಲೇ ತೆಳು. ಮೇಲೆ ಗುಂಡಿನ ಒದೆ ಬೇರೆ. ಸೀಳು ಹಿಂದಿನ ಸ್ಕ್ರೂ ತೂತಿನಿಂದಲೇ ಹೊರಟಿತ್ತು.

ಹಾಗಾಗಿ ಕಟ್ಟಿಗೆಗೆ ಉಳಿ ಹಚ್ಚುವ ಮೊದಲು ಹಿತ್ತಾಳೆಯನ್ನೇ ತಿದ್ದಿದೆ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಉಕ್ಕಿನ ಹಾಗೆ ಗಟ್ಟಿಯಾಗುವುದಿಲ್ಲ. ಕಟ್ಟಿಗೆಯ ಬಾಗಿಗೆ ಸರಿಯಾಗಿ ಬಗ್ಗಿಸಿ, ಅಂಚನ್ನು ಕೆಳಮುಖವಾಗಿ ತುಸು ಒಳಕ್ಕೆ ಇಳಿಜಾರು ಬರುವಂತೆ ಅರದಿಂದ ಉಜ್ಜಿದೆ. ಹೀಗಿದ್ದರೆ ಗಾರ್ಡ್ ಇಳಿದಷ್ಟೂ ಸಂದು ಮುಚ್ಚಿಕೊಳ್ಳುತ್ತದೆ.

ಬಂದೂಕಿನ ಮಾಲೀಕ ಕಾಕಾ ಎದುರಿಗೇ ಕೂತಿದ್ದರು. "ತಮ್ಮಾ, ಸ್ಕ್ರೂ ಹಾಕಿ ಬಿಗಿ ಮಾಡು, ತಾನ ಕುಂಡ್ರತೈತಿ" ಅಂದರು. "ಕಾಕಾ, ಹಂಗ ಮಾಡಿದ್ದಕ್ಕ ಹಿಂದಿಂದು ಸೀಳೇತಿ ನೋಡ್ರಿ" ಅಂದೆ.

ಗಾರ್ಡ್ ಇಟ್ಟು ಚೂಪಾದ ಚಾಕುವಿನಿಂದ ಗೆರೆ ಎಳೆದೆ. ಪೆನ್ಸಿಲ್ ಗೆರೆ ದಪ್ಪ, ಅದನ್ನು ನಂಬಬಾರದು. ಗಾರ್ಡ್ ಕೂರುವ ಗುಂಡಿಯನ್ನು ಗೆರೆಯ ಒಳಗೇ ಕಡಿಯಬೇಕು. ಮುಂದಿನ ತುದಿ ಮೊದಲು, ಅದು ಕೂತ ಮೇಲೆ ಹಿಂದಿನದು. ಬಾಗಿದ ಮೈಮೇಲೆ ಗಾರ್ಡ್ ಕೆಳಗಿಳಿದಂತೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಎರಡೂ ತುದಿ ಒಟ್ಟಿಗೆ ಕಡಿದರೆ ಕಡೆಗೆ ಒಂದು ಕಡೆ ಸಂದು ಬಿದ್ದೇ ಬೀಳುತ್ತದೆ, ಅಲ್ವಾ?

ಆಮೇಲೆ ಚಿಮಣಿ ದೀಪದ ಮಸಿಯ ಕೆಲಸ. ಗಾರ್ಡಿನ ತಳಕ್ಕೆ ಮಸಿ ಹಿಡಿಸು, ಒತ್ತು, ಕೊಡತಿಯಿಂದ ಮೆಲ್ಲಗೆ ತಟ್ಟು, ಎತ್ತು. ಗಾರ್ಡ್ ತಾಗಿ ಕಟ್ಟಿಗೆ ಕಪ್ಪಾದಲ್ಲಿ ಮಾತ್ರ ಕೆರೆ. ಮತ್ತೆ ಅದೇ. ಮೊದಮೊದಲು ಕಪ್ಪು ಅಲ್ಲೊಂದು ಇಲ್ಲೊಂದು ಚುಕ್ಕಿ. ಇಳಿದಂತೆಲ್ಲ ಉದ್ದಕ್ಕೂ ಹರಡುತ್ತದೆ. ಈ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಡುವುದು ಇದೇ. ಸಾಗವಾನಿ ಉಳಿಯ ಬಾಯಿ ಬೇಗ ತಿನ್ನುತ್ತದೆ, ಮಧ್ಯೆ ಮಧ್ಯೆ ಸಾಣೆ ಹಿಡಿಯಲೇಬೇಕು. ಗುಂಡಗಿನ ತುದಿಯಲ್ಲಿ ಕಡಿತ ಮರದ ಎಳೆಗೆ ಅಡ್ಡ ಬರುತ್ತದೆ. ಅಲ್ಲಿ ಮೊಂಡ ಉಳಿ ಹಾಕಿದರೆ ಚಕ್ಕೆ ಏಳುತ್ತದೆ.

ಸಂಜೆ ಹೊತ್ತಿಗೆ ಗಾರ್ಡ್ ಸ್ಕ್ರೂ ಇಲ್ಲದೆ ಕೂತಿತು. ಬುಡಮೇಲು ಹಿಡಿದರೂ ಬೀಳಲಿಲ್ಲ. ಕಾಕಾ ತಾವೇ ಬೆರಳಾಡಿಸಿ ನೋಡಿದರು. ತುಸು ಎತ್ತರ ಉಳಿಸಿದ್ದ ಕಟ್ಟಿಗೆಯನ್ನು ಹಿತ್ತಾಳೆಯ ಜೊತೆಗೇ ಅರ ಹಾಕಿ ಸಮ ಮಾಡಿದೆ. ಮತ್ತೆ ಗಾರ್ಡ್ ಬಿಚ್ಚಿ, ಕಡಿದ ಗುಂಡಿಗೂ ಅಗಸೆ ಎಣ್ಣೆ ಹಚ್ಚಿದೆ. ಹಸಿ ಕಡಿತ ಹಾಗೇ ಬಿಟ್ಟರೆ ಮಳೆಗಾಲದ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಎಣ್ಣೆ ಒಣಗಿದ ಮೇಲೆ ಸ್ಕ್ರೂ ಹಾಕಿ ಎಂದು ಅಂಗಡಿಯವರಿಗೆ ಹೇಳಿ ಉಳಿ ಕಟ್ಟಿಕೊಂಡೆ.